ಮನಸ್ಸಿನ ಭಾವನೆಯಿಂದ ಚಿತ್ರ ಹುಟ್ಟಿಸುವ ಕಲಾ ಯೋಜನೆ: ಮೊದಲ ಮಾತಿನಿಂದ ಪ್ರದರ್ಶನದವರೆಗೆ ಹಂತ ಹಂತದ ಮಾರ್ಗದರ್ಶಿ

ಭಾವನೆಯನ್ನು ಚಿತ್ರವಾಗಿಸುವ ಯೋಜನೆ ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಮೊದಲ ದಿನವೇ ಇಮೇಜ್ ಜನರೇಟರ್, ಅಂದರೆ ಬರೆದ ಮಾತಿನಿಂದ ಚಿತ್ರ ಮಾಡಿಕೊಡುವ ಎಐ ಸಾಫ್ಟ್‌ವೇರ್, ತೆರೆಯುತ್ತಾರೆ. ‘ದುಃಖ’ ಅಂತ ಟೈಪ್ ಮಾಡುತ್ತಾರೆ. ಚಿತ್ರ ಬರುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಯಾರ ದುಃಖ ಹಾಕಿದರೂ ಹೆಚ್ಚುಕಡಿಮೆ ಅದೇ ಚಿತ್ರ: ನೀಲಿ ಬೆಳಕು, ಕಿಟಕಿ, ಗಾಜಿನ ಮೇಲೆ ಮಳೆಹನಿ, ತಲೆ ತಗ್ಗಿಸಿ ಕೂತ ಒಬ್ಬ ಹೆಂಗಸು. ಅದನ್ನು ಮಲೆನಾಡಿನ ಸಾಗರ ಊರಿನ ಒಬ್ಬ ಅಡಿಕೆ ಬೆಳೆಗಾರರ ಮುಂದೆ ಹಿಡಿದರೆ ‘ಇದು ನಂದು’ ಅಂತ ಅವರಿಗೆ ಅನಿಸುವುದೇ ಇಲ್ಲ.

ಯಂತ್ರಕ್ಕೆ ಭಾವನೆ ಓದಲು ಬರುವುದಿಲ್ಲ. ಭಾವನೆಗೂ ಚಿತ್ರಕ್ಕೂ ಇರುವ ನಂಟನ್ನು ನೀವೇ ಕೂತು ಕಟ್ಟಬೇಕು. ಅದೂ ಆ ಭಾವನೆ ಯಾರದೋ ಅವರ ಜೊತೆಯಲ್ಲೇ ಕೂತು. ಈ ಕೆಲಸವನ್ನು ಹಾರಿಸಿದವರ ಯೋಜನೆ ಪ್ರದರ್ಶನದ ದಿನ ಬರೀ ಬಣ್ಣದ ಪರದೆಯಾಗಿ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಇಮೇಜ್ ಜನರೇಟರ್ ಬರುವುದು 7ನೇ ಹಂತದಲ್ಲಿ. ಅಲ್ಲಿಯವರೆಗೆ ಅದನ್ನು ತೆರೆಯಲೇಬೇಡಿ.

ಬೇಕಾಗುವ ಸಾಮಾನು

ಒಂದು ದಪ್ಪ ನೋಟ್‌ಬುಕ್, ಬಣ್ಣದ ಪೆನ್ಸಿಲ್, ಬಿಳಿ ಹಾಳೆಗಳು. ಇವು ಮೊದಲು. ಧ್ವನಿ ರೆಕಾರ್ಡ್ ಮಾಡಲು ಫೋನ್ ಸಾಕು, ಆದರೆ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಇದ್ದರೆ ಒಳ್ಳೆಯದು. ಕೋಡ್‌ಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು.

ದೇಹದ ಸಂಕೇತ ಹಿಡಿಯಬೇಕೆಂದಿದ್ದರೆ ಸೆನ್ಸರ್ ಜೋಡಿಸಲು ಪುಟ್ಟ ಕಂಪ್ಯೂಟರಿನಂಥ ಒಂದು ಆರ್ಡುಯಿನೊ ಅಥವಾ ಇಎಸ್‌ಪಿ32 ಬೋರ್ಡ್, ನಾಡಿಗೆ ಮ್ಯಾಕ್ಸ್30102 ಸೆನ್ಸರ್, ಚರ್ಮದ ಬೆವರಿನ ಏರಿಳಿತಕ್ಕೆ ಜಿಎಸ್‌ಆರ್ ಸೆನ್ಸರ್ ಬೇಕು. ಇವಿಲ್ಲದೆಯೂ ಯೋಜನೆ ಪೂರ್ತಿ ಮಾಡಬಹುದು. ಮೊದಲ ಸಲ ಮಾಡುವವರು ಸೆನ್ಸರ್ ಬಿಟ್ಟು ಮಾತು ಮತ್ತು ಧ್ವನಿಯಿಂದಲೇ ಶುರು ಮಾಡಲಿ ಅನ್ನುವುದು ನನ್ನ ಅಭಿಪ್ರಾಯ.

ಚಿತ್ರ ಹುಟ್ಟಿಸುವ ಮಾದರಿಗೆ (ಇಮೇಜ್ ಜನರೇಟರ್ ಒಳಗಿನ ಎಐ ಮಾಡೆಲ್) ಗ್ರಾಫಿಕ್ಸ್ ಕಾರ್ಡ್ ಬೇಕು. 8 ಜಿಬಿ ಮೆಮೊರಿಯ ಕಾರ್ಡ್ ಇದ್ದರೆ ಅಂಥ ಒಂದು ಮಾದರಿಯಾದ ಸ್ಟೇಬಲ್ ಡಿಫ್ಯೂಶನ್‌ನ ಹಳೆಯ ಆವೃತ್ತಿಗಳು ಆರಾಮಾಗಿ ಓಡುತ್ತವೆ. ಇಲ್ಲದವರು ಗೂಗಲ್‌ನ ಕಂಪ್ಯೂಟರಿನಲ್ಲಿ ಅಂತರ್ಜಾಲದ ಮೂಲಕ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಡಿಫ್ಯೂಸರ್ಸ್ ಲೈಬ್ರರಿ (ಈ ಮಾದರಿಗಳನ್ನು ಓಡಿಸುವ ಸಿದ್ಧ ಕೋಡ್) ಹಾಕಿಕೊಂಡು ಕೆಲಸ ಮಾಡಬಹುದು. ಉಚಿತ ಖಾತೆಯಲ್ಲಿ ಕಾರ್ಡ್ ಯಾವಾಗಲೂ ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆ ಇಲ್ಲ, ಅದನ್ನು ನೆನಪಿಟ್ಟು ಸಮಯ ಇಟ್ಟುಕೊಳ್ಳಿ.

ಹಂತ 1: ಯಾರ ಭಾವನೆ, ಯಾವ ಹೊತ್ತಿನದು ಎಂದು ಗೊತ್ತುಮಾಡಿಕೊಳ್ಳಿ

‘ಮನುಷ್ಯನ ಭಾವನೆಗಳು’ ಅನ್ನುವ ವಿಷಯ ಇಟ್ಟುಕೊಂಡು ಯೋಜನೆ ಮಾಡಲು ಆಗುವುದಿಲ್ಲ. ಅದು ಅಷ್ಟು ದೊಡ್ಡದು. ಒಂದು ಗುಂಪು, ಒಂದು ಹೊತ್ತು, ಒಂದು ಜಾಗ ಆರಿಸಿಕೊಳ್ಳಿ. ಉದಾಹರಣೆಗೆ, ಆಷಾಢದ ಮಳೆಯಲ್ಲಿ ಅಡಿಕೆ ತೋಟದ ಮನೆಯವರ ಮನಸ್ಸು. ಅಥವಾ ರಿಸಲ್ಟಿಗೆ ಕಾಯುತ್ತಿರುವ ಕಾಲೇಜು ಹುಡುಗರು. ಅಥವಾ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಬಣ್ಣ ಹಚ್ಚಿಕೊಂಡು ರಂಗಸ್ಥಳಕ್ಕೆ ಹೋಗುವ ಮುಂಚಿನ ಯಕ್ಷಗಾನ ವೇಷಧಾರಿ.

ಈ ಬರಹದುದ್ದಕ್ಕೂ ಮೊದಲ ಉದಾಹರಣೆಯನ್ನೇ ಇಟ್ಟುಕೊಳ್ಳುತ್ತೇನೆ. ಯಾಕೆಂದರೆ ಇಮೇಜ್ ಜನರೇಟರ್ ಅತಿ ಜಾಸ್ತಿ ತಪ್ಪುವುದು ಮಳೆಯ ವಿಷಯದಲ್ಲಿ.

ಎಚ್ಚರಿಕೆಯ ಲಕ್ಷಣ: ನಿಮ್ಮ ಯೋಜನೆಯನ್ನು ಒಂದು ವಾಕ್ಯದಲ್ಲಿ ಹೇಳಲು ಹೋದಾಗ ‘ಎಲ್ಲರ’, ‘ಎಲ್ಲ ರೀತಿಯ’ ಅನ್ನುವ ಮಾತು ಬಂದರೆ ಇನ್ನೂ ಆಯ್ಕೆ ಆಗಿಲ್ಲ ಎಂದರ್ಥ.

ಹಂತ 2: ಭಾವನೆಗೆ ಒಂದು ಅಳತೆಗೋಲು ಆರಿಸಿಕೊಳ್ಳಿ

ಕಂಪ್ಯೂಟರ್‌ಗೆ ಕೊಡಬೇಕಾದರೆ ಭಾವನೆ ಯಾವುದೋ ಒಂದು ರೂಪದಲ್ಲಿ ಅಂಕಿ ಆಗಲೇಬೇಕು. ಅದಕ್ಕೆ ಕೆಲಸಕ್ಕೆ ಬರುವ ದಾರಿ ಎರಡು.

ಮೊದಲನೆಯದು ಎರಡು ಗೆರೆಗಳ ನಕ್ಷೆ. ಮನಶ್ಶಾಸ್ತ್ರಜ್ಞ ಜೇಮ್ಸ್ ರಸೆಲ್ 1980ರಲ್ಲಿ ಮುಂದಿಟ್ಟದ್ದು. ಅಡ್ಡಗೆರೆಯಲ್ಲಿ ಹಿತ–ಅಹಿತ, ಉದ್ದಗೆರೆಯಲ್ಲಿ ಮನಸ್ಸಿನ ಬಿರುಸು. ಹಿಗ್ಗು ಅಂದರೆ ಹಿತವೂ ಹೌದು, ಬಿರುಸೂ ಹೌದು. ನಿರಾಳ ಅಂದರೆ ಹಿತ ಇದೆ, ಬಿರುಸು ಇಲ್ಲ. ತಳಮಳ ಅಂದರೆ ಅಹಿತ, ಬಿರುಸು ಜಾಸ್ತಿ. ಎರಡೇ ಅಂಕಿ ಆದ್ದರಿಂದ ಕೋಡ್ ಬರೆಯುವುದು ಬಹಳ ಸಲೀಸು.

ಎರಡನೆಯದು ನಾಟ್ಯಶಾಸ್ತ್ರದ ದಾರಿ. ಅಲ್ಲಿ 8 ಸ್ಥಾಯಿಭಾವ (ನೆಲೆ ನಿಲ್ಲುವ ಭಾವ), 33 ಸಂಚಾರಿಭಾವ (ಬಂದು ಹೋಗುವ ಭಾವ), 8 ಸಾತ್ವಿಕಭಾವ (ಕಣ್ಣೀರು, ನಡುಕದಂತೆ ಮೈಯಲ್ಲಿ ಕಾಣುವ ಭಾವ), ಒಟ್ಟು 49 ಭಾವಗಳ ಪಟ್ಟಿಯೇ ಇದೆ. ಹೆಗ್ಗೋಡಿನ ನೀನಾಸಂ ರಂಗಶಾಲೆಯಂಥ ಕಡೆ ನಟನೆ ಕಲಿತವರೋ ಯಕ್ಷಗಾನದವರೋ ನಿಮ್ಮ ತಂಡದಲ್ಲಿದ್ದರೆ ಇದು ಬಹಳ ಸಹಾಯ ಮಾಡುತ್ತದೆ. ಒಂದು ಗೊಂದಲ ಮಾತ್ರ ಬೇಡ. ಶೃಂಗಾರ, ಕರುಣ, ವೀರ ಇವು ರಸಗಳು. ರಸ ಹುಟ್ಟುವುದು ನೋಡುಗರಲ್ಲಿ. ನೀವು ಮಾತಾಡಿಸುವ ವ್ಯಕ್ತಿಯಲ್ಲಿ ಇರುವುದು ಶೋಕ, ಭಯ, ಉತ್ಸಾಹ ಅನ್ನುವ ಭಾವ. ಪಟ್ಟಿಯಲ್ಲಿ ಎರಡನ್ನೂ ಬೆರೆಸಿದರೆ ಯಾರ ಭಾವನೆಯನ್ನು ಅಳೆಯುತ್ತಿದ್ದೀರಿ ಅನ್ನುವುದೇ ಕಳೆದುಹೋಗುತ್ತದೆ.

ಒಂದನ್ನು ಆರಿಸಿ, ಕೊನೆಯವರೆಗೂ ಅದನ್ನೇ ಹಿಡಿಯಿರಿ. ನಾನು ಸಾಮಾನ್ಯವಾಗಿ ಹೇಳುವುದು ಎರಡು ಗೆರೆಗಳ ನಕ್ಷೆ, ಜೊತೆಗೆ ಆ ವ್ಯಕ್ತಿ ತಾನೇ ಹೇಳಿದ ಒಂದು ಪದ.

ಮುಖ ನೋಡಿ ಭಾವನೆ ಹೇಳುವ ಸಾಫ್ಟ್‌ವೇರ್ ಬೇಡ. ಬಳಸಲು ಅದೇ ಸುಲಭ, ಅದಕ್ಕೇ ಎಲ್ಲರೂ ಅದರ ಕಡೆ ಹೋಗುತ್ತಾರೆ. 2019ರಲ್ಲಿ ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಈ ವಿಷಯದ ಸಂಶೋಧನೆಗಳನ್ನು ಒಟ್ಟಿಗೆ ಪರಿಶೀಲಿಸಿದರು. ಮುಖಚಹರೆಯೊಂದರಿಂದಲೇ ಒಳಗಿನ ಭಾವನೆಯನ್ನು ನಂಬಿಕೆಯಿಂದ ಹೇಳಲು ಆಗುವುದಿಲ್ಲ ಅನ್ನುವುದು ಅವರು ಕಂಡದ್ದು. ಮೈಕ್ರೋಸಾಫ್ಟ್ 2022ರಲ್ಲಿ ತನ್ನ ಮುಖ ಗುರುತಿಸುವ ಸೇವೆಯಿಂದ ಭಾವನೆ ಊಹಿಸುವ ಸೌಲಭ್ಯವನ್ನು ತೆಗೆಯುವುದಾಗಿ ಹೇಳಿತು. ನಮ್ಮ ಕಡೆ ಎಷ್ಟೋ ಹಿರಿಯರು ಎಂಥ ಕಷ್ಟ ಹೇಳುವಾಗಲೂ ನಗುತ್ತಲೇ ಹೇಳುತ್ತಾರೆ. ಸಾಫ್ಟ್‌ವೇರ್ ಅದನ್ನು ‘ಸಂತೋಷ’ ಅಂತ ಬರೆದುಕೊಳ್ಳುತ್ತದೆ.

ಹಂತ 3: ಒಪ್ಪಿಗೆ

ಮಾತಾಡಿಸುವ ಮೊದಲೇ ಒಪ್ಪಿಗೆ ಪಡೆಯಿರಿ. ಒಂದು ಪುಟ, ಕನ್ನಡದಲ್ಲಿ, ದೊಡ್ಡ ಅಕ್ಷರ. ಏನನ್ನು ದಾಖಲಿಸುತ್ತೀರಿ, ಎಲ್ಲಿ ಇಡುತ್ತೀರಿ, ಎಲ್ಲಿ ತೋರಿಸುತ್ತೀರಿ, ಯಾವಾಗ ಅಳಿಸುತ್ತೀರಿ ಇಷ್ಟೂ ಅದರಲ್ಲಿ ಇರಲಿ. ಓದಲು ಕಷ್ಟವಾಗುವವರಿಗೆ ನೀವೇ ಓದಿ ಹೇಳಿ. ‘ನಾಳೆ ಬೇಡ ಅನಿಸಿದರೆ ಒಂದು ಫೋನ್ ಮಾಡಿ, ತೆಗೆದುಬಿಡುತ್ತೇವೆ’ ಅನ್ನುವ ಸಾಲು ಕಡ್ಡಾಯ.

18 ತುಂಬದವರಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳು ಅಂತ ಎಣಿಸುವುದು 18ರೊಳಗಿನವರನ್ನು. ಶಾಲೆಯಲ್ಲಿ ಮೇಷ್ಟ್ರು ಹೂಂ ಅಂದರು ಅಂತ ಮುಂದುವರಿಯಬೇಡಿ.

ಹಂತ 4: ಭಾವನೆಯನ್ನು ಸಂಗ್ರಹಿಸುವುದು

ಮಾತು. ‘ನಿಮಗೆ ಏನನಿಸುತ್ತದೆ’ ಅಂತ ಕೇಳಿದರೆ ‘ಬೇಜಾರು’, ‘ಖುಷಿ’ ಎಂಬ ಎರಡೇ ಉತ್ತರ ಸಿಗುತ್ತವೆ. ಅದರಿಂದ ಚಿತ್ರ ಹುಟ್ಟುವುದಿಲ್ಲ. ಬದಲಿಗೆ ಹೀಗೆ ಕೇಳಿ: ‘ಆ ಹೊತ್ತಿನಲ್ಲಿ ನೀವು ಎಲ್ಲಿ ನಿಂತಿದ್ದಿರಿ? ಕೈ ಏನು ಮಾಡುತ್ತಿತ್ತು? ಕಣ್ಣು ಎಲ್ಲಿತ್ತು? ಮೈಯಲ್ಲಿ ಎಲ್ಲಿ ಗೊತ್ತಾಯಿತು, ಎದೆಯಲ್ಲೋ, ಹೊಟ್ಟೆಯಲ್ಲೋ?’ ಹಳ್ಳಿಯ ಅಮ್ಮಂದಿರನ್ನು ಮಾತಾಡಿಸುವಾಗ ಪಟ್ಟಿ ಹಿಡಿದು ಕೂರಬೇಡಿ. ‘ಅಮ್ಮಾ, ಈ ಸಲ ಮಳೆ ಹೇಗೆ?’ ಅಂತ ಶುರುಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ.

ಮಾತಿನ ಕೊನೆಯಲ್ಲಿ ಎರಡು ಗೆರೆಗಳ ನಕ್ಷೆಯ ಹಾಳೆ ಕೊಟ್ಟು, ‘ಆ ಹೊತ್ತು ಎಲ್ಲಿತ್ತು, ಒಂದು ಚುಕ್ಕೆ ಇಡಿ’ ಅನ್ನಿ. ಚುಕ್ಕೆ ಇಡಬೇಕಾದ್ದು ಅವರು. ಅವರ ಕೈ ಹಿಡಿದು ತೋರಿಸಬೇಡಿ, ‘ಇಲ್ಲಿರಬೇಕಲ್ವಾ’ ಅಂತ ಸೂಚಿಸಲೂ ಬೇಡಿ.

ಕನ್ನಡ ಮಾತನ್ನು ಅಕ್ಷರಕ್ಕೆ ಇಳಿಸುವ ಸಾಫ್ಟ್‌ವೇರ್‌ಗಳು ಈಗ ಇವೆ. ಆದರೆ ಹವ್ಯಕ ಕನ್ನಡವೋ ಮಲೆನಾಡಿನ ದೀವರ ಸಮುದಾಯದ ಮನೆಮಾತೋ ಬಂದ ಕೂಡಲೇ ಅವು ಎಡವುತ್ತವೆ. ಮುಖ್ಯ ಭಾಗವನ್ನು ಕೇಳಿ ಕೈಯಲ್ಲೇ ಬರೆದುಕೊಳ್ಳಿ. ಬೇಕಾದ ಪದಗಳೆಲ್ಲ ಆ ಎಡವಿದ ಜಾಗಗಳಲ್ಲೇ ಇರುತ್ತವೆ.

ಧ್ವನಿ. ಪೈಥಾನ್‌ನ ಲಿಬ್ರೋಸಾ ಲೈಬ್ರರಿಯಿಂದ ದನಿಯ ಎತ್ತರ, ಜೋರು ಮತ್ತು ಮಾತಿನ ನಡುವಿನ ಮೌನ ತೆಗೆಯಬಹುದು. ಮೌನದ ಉದ್ದ ಬಹಳ ಉಪಯೋಗಕ್ಕೆ ಬರುತ್ತದೆ, ಅದನ್ನು ಬಿಡಬೇಡಿ. ಇಲ್ಲಿ ಆಗುವ ತಪ್ಪು ಒಬ್ಬರ ದನಿಯನ್ನು ಇನ್ನೊಬ್ಬರ ದನಿಗೆ ಹೋಲಿಸುವುದು. ಹೆಂಗಸರ ದನಿ ಸಹಜವಾಗಿ ಎತ್ತರ, ಅದು ಉದ್ವೇಗ ಅಲ್ಲ. ಮೊದಲ 2 ನಿಮಿಷ ಸುಮ್ನೆ ಲೋಕಾಭಿರಾಮ ಮಾತಾಡಿ. ಅದು ಅವರ ಮಾಮೂಲಿ ಮಟ್ಟ. ಉಳಿದದ್ದನ್ನೆಲ್ಲ ಅದರಿಂದ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಲೆಕ್ಕ ಹಾಕಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ಹೆಂಚಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದರೆ ‘ಜೋರು’ ಅನ್ನುವ ಅಂಕಿಯ ತುಂಬ ಮಳೆಯೇ ಇರುತ್ತದೆ. ಶೀಟಿನ ಮಾಡಾದರಂತೂ ಮಾತೇ ಕೇಳುವುದಿಲ್ಲ. ಒಳಕೋಣೆಗೆ ಹೋಗಿ, ಮೈಕನ್ನು ಅಂಗಿಗೆ ಸಿಕ್ಕಿಸಿ.

ಸೆನ್ಸರ್. ಜಿಎಸ್‌ಆರ್ ಸೆನ್ಸರ್ ಬೆರಳಿಗೆ ಕಟ್ಟುವಂಥದ್ದು. ಮನಸ್ಸಿಗೆ ಏನಾದರೂ ತಟ್ಟಿದ 1ರಿಂದ 3 ಸೆಕೆಂಡ್ ನಂತರ ಅಂಕಿ ಏಳುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಈ ತಡವನ್ನು ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದರೆ ಚಿತ್ರ ಯಾವಾಗಲೂ ಹಿಂದಿನ ಮಾತಿಗೆ ಕುಣಿಯುತ್ತದೆ. ಅಗ್ಗದ ಕೆಲವು ಸೆನ್ಸರ್‌ಗಳಲ್ಲಿ ಬಿರುಸು ಹೆಚ್ಚಾದಾಗ ಅಂಕಿ ಇಳಿಯುತ್ತದೆ. ನಿಮ್ಮದು ಯಾವ ತರಹದ್ದು ಅಂತ ನೋಡಲು ತಟ್ಟನೆ ಒಂದು ಉಸಿರು ಎಳೆದುಕೊಳ್ಳಿ. ಅಂಕಿ ಯಾವ ಕಡೆ ಹೋಯಿತೋ ಅದೇ ಉತ್ತರ.

ಮಲೆನಾಡಿನಲ್ಲಿ ಈ ಸೆನ್ಸರ್‌ಗಳ ಕಷ್ಟವೇ ಬೇರೆ. ಜುಲೈನಲ್ಲಿ ಕೈ ಯಾವಾಗಲೂ ಹಸಿ, ಜಿಎಸ್‌ಆರ್ ಅಂಕಿ ಮೇಲೇ ಕೂತಿರುತ್ತದೆ. ಬೆರಳು ಒರೆಸಿ, ಒಳಗೆ ಕೂತು 5 ನಿಮಿಷ ಆದ ಮೇಲೆ ಕಟ್ಟಿ. ಡಿಸೆಂಬರ್ ಬೆಳಿಗ್ಗೆ ಬೆರಳು ತಣ್ಣಗಾಗಿ ನಾಡಿ ಸೆನ್ಸರ್‌ಗೆ ಬಡಿತವೇ ಸಿಗುವುದಿಲ್ಲ. ಒಂದು ಲೋಟ ಬಿಸಿ ಕಷಾಯ ಕೈಗೆ ಕೊಡಿ, ಬೆರಳು ಬೆಚ್ಚಗಾದ ಮೇಲೆ ಸಿಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ಮೈಗೆ ಸೆನ್ಸರ್ ಕಟ್ಟಿರುವಾಗ ಲ್ಯಾಪ್‌ಟಾಪ್ ಚಾರ್ಜರ್‌ನಿಂದ ಕಳಚಿರಲೇಬೇಕು. ಬ್ಯಾಟರಿಯಲ್ಲೇ ಓಡಲಿ. ಗುಡುಗು ಸಿಡಿಲು ಇದ್ದರೆ ಆ ದಿನ ಸೆನ್ಸರ್ ಕೆಲಸ ನಿಲ್ಲಿಸಿ. ಹೃದಯದ ತೊಂದರೆ ಇರುವವರಿಗೆ, ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಕಟ್ಟಲೇಬೇಡಿ.

ಸೆನ್ಸರ್ ಹೇಳುವುದು ಬಿರುಸನ್ನು ಮಾತ್ರ. ನಾಡಿ ಹೆಚ್ಚಿದರೆ ಅದು ಹೆದರಿಕೆಯೋ ಹಿಗ್ಗೋ ಅಂತ ಅದಕ್ಕೆ ಗೊತ್ತಿಲ್ಲ. ಹಿತ–ಅಹಿತದ ಅಂಕಿ ಆ ವ್ಯಕ್ತಿ ಇಟ್ಟ ಚುಕ್ಕೆಯಿಂದಲೇ ಬರಬೇಕು. ಬರೀ ನಾಡಿಯ ಮೇಲೆ ಕಟ್ಟಿದ ಯೋಜನೆಯಲ್ಲಿ ಮೆಟ್ಟಿಲು ಹತ್ತಿ ಬಂದವರಿಗೆಲ್ಲ ‘ಭಯ’ದ ಚಿತ್ರ ಬರುತ್ತದೆ.

ಹಂತ 5: ಭಾವನೆಯಿಂದ ರೂಪಕ್ಕೆ ಕೋಷ್ಟಕ

ಯೋಜನೆಯ ಜೀವ ಇರುವುದು ಇಲ್ಲಿ. ಬೇರೆ ಎಲ್ಲ ಹಂತಕ್ಕೆ ಕೊಟ್ಟ ಸಮಯ ಒಂದು ತೂಕವಾದರೆ ಇದಕ್ಕೆ ಅಷ್ಟೇ ತೂಕ ಕೊಡಿ.

ನೋಟ್‌ಬುಕ್ಕಿನಲ್ಲಿ ಉದ್ದಕ್ಕೆ ಗೆರೆ ಎಳೆಯಿರಿ. ಎಡಗಡೆ ಆ ವ್ಯಕ್ತಿ ಹೇಳಿದ ಪದ, ಅವರ ಒಂದು ವಾಕ್ಯ, ಚುಕ್ಕೆಯ ಜಾಗ. ಬಲಗಡೆ ಆರು ವಿಷಯ: ಬಣ್ಣ, ಗೆರೆಯ ಜಾತಿ, ಒತ್ತೊತ್ತಾಗಿದೆಯೋ ಬಿಡಿಯೋ, ದಿಕ್ಕು, ಖಾಲಿ ಜಾಗ ಎಲ್ಲಿ, ಚಲನೆ ಎಷ್ಟು ಬೇಗ.

ಒಂದು ಸಾಲನ್ನು ಪೂರ್ತಿ ತುಂಬಿ ನೋಡೋಣ. ಒಬ್ಬ ಬೆಳೆಗಾರರು ಹೀಗೆ ಹೇಳಿದರು ಅಂದುಕೊಳ್ಳಿ: ‘ಎರಡನೇ ಸಲ ಔಷಧಿ ಹೊಡೆಸೋಕೆ ಮಳೆ ಹೊಳವೇ ಕೊಡ್ತಿಲ್ಲ. ಕೊನೆಗಾರ ಬಂದು ಜಗಲಿ ಮೇಲೆ ಕೂತಿದಾನೆ. ನಾನು ತೋಟದಲ್ಲಿ ನಿಂತು ಮೇಲೆ ನೋಡ್ತಿದೀನಿ.’ ಹೊಳವು ಅಂದರೆ ಮಳೆಯ ನಡುವಿನ ಬಿಡುವು, ಕೊನೆಗಾರ ಅಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವನು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಎಲ್ಲ ತಯಾರಿದೆ. ಆದರೆ ಮಳೆ ಬಿಡದೆ ಹೊಡೆಯುವಂತಿಲ್ಲ, ಹೊಡೆಯದಿದ್ದರೆ ಕಾಯಿ ಉದುರುತ್ತದೆ. ಅವರು ಇಟ್ಟ ಪದ ‘ತಳಮಳ’. ಚುಕ್ಕೆ ಅಹಿತದ ಕಡೆ, ಬಿರುಸು ಜಾಸ್ತಿ.

ಇದಕ್ಕೆ ನೀಲಿ ಬಣ್ಣದ, ತಲೆ ತಗ್ಗಿಸಿದ ಚಿತ್ರ ಸರಿಯಾಗುತ್ತದಾ? ಅವರ ತಲೆ ತಗ್ಗಿಲ್ಲ, ಮೇಲಕ್ಕೆ ಎತ್ತಿದೆ. ಕಣ್ಣು ಅಡಿಕೆ ತಲೆಗಳ ನಡುವಿನ ಸಣ್ಣ ಆಕಾಶದ ಮೇಲಿದೆ. ಹಾಗಾದರೆ ರೂಪ: ಉದ್ದುದ್ದ ತೆಳ್ಳಗಿನ ಗೆರೆಗಳು, ಒತ್ತೊತ್ತಾಗಿ, ಕೆಳಗಿಂದ ಮೇಲಕ್ಕೆ. ಬಣ್ಣ ನೆನೆದ ಹಸಿರು ಮತ್ತು ಬೂದು. ಮೇಲೆ ಒಂದೇ ಒಂದು ಕಿಂಡಿ ಬೆಳಕು. ಆ ಕಿಂಡಿ ತೆರೆದುಕೊಳ್ಳುತ್ತದೆ, ಮುಚ್ಚುತ್ತದೆ. ಬಿರುಸು ಹೆಚ್ಚಾದಷ್ಟೂ ಬೇಗ ಬೇಗ ತೆರೆದು ಮುಚ್ಚುತ್ತದೆ. ಮಳೆ ಹೊಳವಾದ ದಿನದ ಮಾತಿಗೆ ಅದೇ ಚಿತ್ರದ ಕಿಂಡಿ ದೊಡ್ಡದಾಗಿ ನಿಲ್ಲುತ್ತದೆ. ನೋಡಿ, ಒಂದು ಭಾವನೆಯ ರೂಪ ಸರಿಯಾಗಿ ಸಿಕ್ಕರೆ ಅದರ ಎದುರಿನ ಭಾವನೆಯ ರೂಪವೂ ಅದರೊಳಗೇ ಸಿಗುತ್ತದೆ.

ಅದೇ ಮಳೆಯಲ್ಲಿ ಅದೇ ಮನೆಯ ಮಗು ಅಂಗಳದ ನೀರಿನಲ್ಲಿ ಕಾಗದದ ದೋಣಿ ಬಿಡುತ್ತಿರಬಹುದು. ಗದ್ದೆ ನಟ್ಟಿಗೆ ಕಾಯುತ್ತಿದ್ದವರಿಗೆ ಅದೇ ಮಳೆ ಹುರುಪು. ಹಾಗಾಗಿ ‘ಮಳೆ’ ಅನ್ನುವುದನ್ನು ಯಾವ ಭಾವನೆಗೂ ಕಾಯಂ ಮಾಡಿ ಕೋಷ್ಟಕದಲ್ಲಿ ಬರೆಯಬೇಡಿ.

ಬಣ್ಣದ ವಿಷಯದಲ್ಲೂ ಹೀಗೇ. ದುಃಖಕ್ಕೆ ನೀಲಿ ಅನ್ನುವುದು ಇಂಗ್ಲಿಷ್ ಮಾತಿನ ಅಭ್ಯಾಸ. ನಾಟ್ಯಶಾಸ್ತ್ರದಲ್ಲಿ ಕರುಣಕ್ಕೆ ಪಾರಿವಾಳದ ಬೂದು, ಭಯಾನಕಕ್ಕೆ ಕಪ್ಪು, ರೌದ್ರಕ್ಕೆ ಕೆಂಪು, ಹಾಸ್ಯಕ್ಕೆ ಬಿಳಿ, ಅದ್ಭುತಕ್ಕೆ ಹಳದಿ ಹೇಳಿದೆ. ನೀಲಿ ಇರುವುದು ಬೀಭತ್ಸಕ್ಕೆ. ಇದನ್ನು ಹಾಗೇ ಎತ್ತಿ ಹಾಕಿ ಅಂತ ನಾನು ಹೇಳುವುದಿಲ್ಲ. ಬಣ್ಣದ ಪೆನ್ಸಿಲ್ ಡಬ್ಬಿ ಅವರ ಮುಂದಿಟ್ಟು, ‘ಆ ಹೊತ್ತಿಗೆ ಯಾವುದು ಹೊಂದುತ್ತದೆ, ತೆಗೆಯಿರಿ’ ಅನ್ನಿ. ಅವರು ತೆಗೆದದ್ದೇ ಸರಿ.

ಎಚ್ಚರಿಕೆಯ ಲಕ್ಷಣ: ಕೋಷ್ಟಕದ ಬಲಗಡೆಯನ್ನು ನೀವೊಬ್ಬರೇ ಮನೆಯಲ್ಲಿ ಕೂತು ತುಂಬುತ್ತಿದ್ದೀರಾ? ಹಾಗಿದ್ದರೆ ಚಿತ್ರದಲ್ಲಿ ಬರುವುದು ನಿಮ್ಮ ಭಾವನೆ. ಕನಿಷ್ಠ ಬಣ್ಣ ಮತ್ತು ಖಾಲಿ ಜಾಗ ಇವೆರಡನ್ನಾದರೂ ಅವರೇ ಹೇಳಬೇಕು.

ಹಂತ 6: ಮೊದಲು ಎಐ ಇಲ್ಲದೆ ಚಿತ್ರ ಬರಿಸಿ

ಪಿ5.ಜೆಎಸ್ ಅಥವಾ ಪ್ರೊಸೆಸಿಂಗ್‌ನಲ್ಲಿ (ಎರಡೂ ಕೋಡ್ ಬರೆದು ಚಿತ್ರ ಬಿಡಿಸುವ ಸಾಧನಗಳು) ಒಂದು ಸರಳ ಚಿತ್ರ ಮಾಡಿ. ಬರೀ ಗೆರೆ, ಬಣ್ಣ, ಕಿಂಡಿ. ಎರಡು ಸ್ಲೈಡರ್ ಇಡಿ: ಒಂದು ಹಿತ–ಅಹಿತಕ್ಕೆ, ಇನ್ನೊಂದು ಬಿರುಸಿಗೆ. ಸೆನ್ಸರ್ ಇನ್ನೂ ಜೋಡಿಸಬೇಡಿ. ಕೈಯಲ್ಲಿ ಸ್ಲೈಡರ್ ಎಳೆದು ನೋಡಿ. ಬಿರುಸನ್ನು 0ಯಿಂದ 1ಕ್ಕೆ ತಂದಾಗ ದೂರದಲ್ಲಿ ನಿಂತವರಿಗೂ ವ್ಯತ್ಯಾಸ ಕಾಣಬೇಕು. ಇಲ್ಲಿ ಕಾಣದಿದ್ದರೆ ಎಐ ಸೇರಿಸಿದರೂ ಕಾಣುವುದಿಲ್ಲ, ಅಲಂಕಾರ ಮಾತ್ರ ಹೆಚ್ಚುತ್ತದೆ.

ಆಮೇಲೆ ನಿಜವಾದ ಅಂಕಿಗಳನ್ನು ಜೋಡಿಸಿ. ಪ್ರತಿಯೊಬ್ಬರ ಅಂಕಿಯನ್ನೂ ಅವರದೇ ಕನಿಷ್ಠ, ಗರಿಷ್ಠದ ನಡುವೆ ಹಾಕಿ 0–1ಕ್ಕೆ ಇಳಿಸಿ. ಈಗಿನ ಅಂಕಿಯಿಂದ ಕನಿಷ್ಠವನ್ನು ಕಳೆದು, ಗರಿಷ್ಠ–ಕನಿಷ್ಠದ ವ್ಯತ್ಯಾಸದಿಂದ ಭಾಗಿಸಿದರೆ ಆಯಿತು. ಸೆನ್ಸರ್ ಅಂಕಿ ಚಡಪಡಿಸುತ್ತದೆ, ಅದನ್ನು ನಯ ಮಾಡಬೇಕು. ಹಳೆಯ ಮೌಲ್ಯದ 0.9 ಪಾಲು, ಹೊಸದರ 0.1 ಪಾಲು ಕೂಡಿಸುತ್ತಾ ಹೋಗಿ. ಸೆಕೆಂಡಿಗೆ 10 ಸಲ ಓದುವ ಸೆನ್ಸರ್‌ಗೆ ಇದು ಸರಿಹೋಗುತ್ತದೆ. ಚಿತ್ರ ನಡುಗುತ್ತಿದ್ದರೆ ನಯ ಕಡಿಮೆ, ಏನೂ ಅಲುಗಾಡದಿದ್ದರೆ ನಯ ಜಾಸ್ತಿ.

ಎಷ್ಟೋ ಸಲ ಯೋಜನೆ ಇಲ್ಲಿಗೇ ಪೂರ್ತಿ ಆಗುತ್ತದೆ. ಸರಳ ಗೆರೆಗಳ ಚಿತ್ರವೇ ಆ ವ್ಯಕ್ತಿಗೆ ತಟ್ಟಿತು ಅಂದರೆ ಮುಂದಿನ ಹಂತ ಬೇಕೇ ಬೇಕು ಅಂತಿಲ್ಲ.

ಹಂತ 7: ಈಗ ಇಮೇಜ್ ಜನರೇಟರ್

ಸ್ಟೇಬಲ್ ಡಿಫ್ಯೂಶನ್ 2022ರ ಆಗಸ್ಟ್‌ನಲ್ಲಿ ಹೊರಬಂದದ್ದು. ಅದರ ಮೊದಲ ಆವೃತ್ತಿಗಳು ಕಲಿತದ್ದು ಬಹುಪಾಲು ಇಂಗ್ಲಿಷ್ ವಿವರಣೆ ಇರುವ ಅಂತರ್ಜಾಲದ ಚಿತ್ರಗಳಿಂದ. ಅದಕ್ಕೇ ಕನ್ನಡದಲ್ಲಿ ಸೂಚನೆ ಕೊಟ್ಟರೆ ಅದಕ್ಕೆ ತಿಳಿಯುವುದಿಲ್ಲ. ಏನೋ ಒಂದು ಬರುತ್ತದೆ, ಅದನ್ನು ನೋಡಿ ‘ಅರ್ಥ ಆಗಿದೆ’ ಅಂದುಕೊಳ್ಳಬೇಡಿ. ಇಂಗ್ಲಿಷಿಗೆ ತಿರುಗಿಸಿಯೇ ಕೊಡಬೇಕು. ಆದರೆ ತಿರುಗಿಸಬೇಕಾದ್ದು ಭಾವನೆಯ ಹೆಸರನ್ನಲ್ಲ, ನಿಮ್ಮ ಕೋಷ್ಟಕದ ಬಲಗಡೆಯನ್ನು. ‘ತಳಮಳ’ ಅಂತ ಅನುವಾದಿಸಿ ಹಾಕಿದರೆ ತಲೆ ಹಿಡಿದು ಕೂತ ಮುಖ ಬರುತ್ತದೆ. ಒತ್ತಾದ ಉದ್ದ ಗೆರೆಗಳು, ನೆನೆದ ಹಸಿರು, ಮೇಲೊಂದು ಕಿಂಡಿ ಬೆಳಕು ಅಂತ ಹಾಕಿದರೆ ನಿಮ್ಮ ಚಿತ್ರಕ್ಕೆ ಹತ್ತಿರ ಬರುತ್ತದೆ. ಸೂಚನೆ ಚಿಕ್ಕದಾಗಿರಲಿ. ಈ ಆವೃತ್ತಿಗಳು ಒಂದು ಸಲಕ್ಕೆ 77 ತುಣುಕುಗಳಷ್ಟು (ಟೋಕನ್, ಅಂದರೆ ಪದ ಅಥವಾ ಪದದ ಚೂರು) ಮಾತನ್ನೇ ಓದುವುದು, ಉಳಿದದ್ದನ್ನು ಕತ್ತರಿಸಿ ಬಿಡುತ್ತವೆ.

ಬರೀ ಸೂಚನೆಯಿಂದ ಹೊಸ ಚಿತ್ರ ಹುಟ್ಟಿಸುವ ಬದಲು, 6ನೇ ಹಂತದ ನಿಮ್ಮ ಗೆರೆಚಿತ್ರವನ್ನೇ ಕೊಟ್ಟು ಅದರಿಂದ ಚಿತ್ರ ಮಾಡಿಸಿ. ಇದರಲ್ಲಿ ‘ಸ್ಟ್ರೆಂತ್’ ಅನ್ನುವ ಒಂದು ಅಂಕಿ ಇರುತ್ತದೆ. 0ಗೆ ಹತ್ತಿರವಾದರೆ ನಿಮ್ಮ ಚಿತ್ರ ಹಾಗೇ ಉಳಿಯುತ್ತದೆ, 1 ಆದರೆ ಅದು ಪೂರ್ತಿ ಅಳಿಸಿಹೋಗುತ್ತದೆ. 0.4ರಿಂದ 0.6ರ ನಡುವೆ ಪ್ರಯತ್ನ ಮಾಡಿ. ಹೀಗೆ ಮಾಡಿದರೆ ಆ ವ್ಯಕ್ತಿ ಹೇಳಿದ ಕಿಂಡಿ ಅಲ್ಲೇ ಉಳಿಯುತ್ತದೆ, ಮಾದರಿ ಅದರ ಮೇಲೆ ಮೈ ತುಂಬುತ್ತದೆ ಅಷ್ಟೆ.

ಸೀಡ್ ಅಂದರೆ ಮಾದರಿ ಚಿತ್ರ ಶುರುಮಾಡುವ ಯಾದೃಚ್ಛಿಕ ಚುಕ್ಕೆಗಳನ್ನು ಗೊತ್ತುಮಾಡುವ ಅಂಕಿ. ಅದನ್ನು ಒಂದೇ ಇಡಿ. ಇದನ್ನು ಮರೆತವರು ಬಹಳ. ಸೀಡ್ ಪ್ರತಿ ಸಲ ಬದಲಾದರೆ ಚಿತ್ರ ಬದಲಾದದ್ದು ಭಾವನೆ ಬದಲಾದದ್ದಕ್ಕೋ ಸೀಡ್ ಬದಲಾದದ್ದಕ್ಕೋ ಗೊತ್ತೇ ಆಗುವುದಿಲ್ಲ. ಪ್ರತಿ ಚಿತ್ರದ ಜೊತೆ ಸೀಡ್, ಸೂಚನೆ, ಸ್ಟ್ರೆಂತ್, ಆ ಹೊತ್ತಿನ ಎರಡು ಅಂಕಿ ಇಷ್ಟನ್ನೂ ಒಂದು ಫೈಲಿನಲ್ಲಿ ಬರೆಸಿಟ್ಟುಕೊಳ್ಳಿ.

ಚಿತ್ರದೊಳಗೆ ಕನ್ನಡ ಅಕ್ಷರ ಬೇಕಾದರೆ ಮಾದರಿಯಿಂದ ಬರೆಸಬೇಡಿ. ಒತ್ತಕ್ಷರ, ಕೊಂಬು ಎಲ್ಲ ಕಲಸಿಹೋಗುತ್ತವೆ. ಚಿತ್ರ ಬಂದ ಮೇಲೆ ಬೇರೆಯಾಗಿ ಸೇರಿಸಿ.

ಮಲೆನಾಡಿನ ಗೋಡೆಚಿತ್ರ ಕಲೆಯಾದ ಹಸೆ ಚಿತ್ತಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಮಲೆನಾಡಿನ ಯೋಜನೆ ಅಂದ ಕೂಡಲೇ ಎಲ್ಲರಿಗೂ ಅದನ್ನು ಸೇರಿಸುವ ಆಸೆ. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಚಿತ್ತಾರ ಅದು. ಮದುವೆಯಂಥ ಶುಭಕಾರ್ಯದ್ದು. ಅದರ ಫೋಟೋಗಳನ್ನು ಸಿಕ್ಕಲ್ಲಿಂದ ಇಳಿಸಿಕೊಂಡು ಮಾದರಿಗೆ ಕಲಿಸಿ, ಮೇಲೆ ‘ದುಃಖ’ ಅಂತ ಹೆಸರಿಟ್ಟು ತೋರಿಸುವುದು ಆ ಮನೆಯವರಿಗೆ ಮಾಡುವ ಅವಮಾನ. ಬೇಕೇ ಬೇಕಾದರೆ ಬರೆಯುವವರ ಮನೆಗೆ ಹೋಗಿ. ಕೇಳಿ. ಅವರಿಂದಲೇ ಬರೆಸಿ, ಕೆಲಸಕ್ಕೆ ತಕ್ಕ ಹಣ ಕೊಡಿ, ಅವರು ಒಪ್ಪಿದರೆ ಅವರ ಹೆಸರು ಹಾಕಿ. ಬೇಡ ಅಂದರೆ ಅಲ್ಲಿಗೆ ಬಿಡಿ.

ಹಂತ 8: ಚಿತ್ರ ನಿಜವಾಗಿ ಆ ವ್ಯಕ್ತಿಯದ್ದಾ, ಪರೀಕ್ಷಿಸಿ

ಪ್ರತಿಯೊಬ್ಬರ ಮುಂದೆ ನಾಲ್ಕು ಚಿತ್ರ ಇಡಿ. ಒಂದು ಅವರ ಮಾತಿನಿಂದ ಬಂದದ್ದು, ಮೂರು ಬೇರೆಯವರದ್ದು. ‘ಇದರಲ್ಲಿ ನಿಮ್ಮದು ಯಾವುದು?’ ಅಂತ ಕೇಳಿ. ಯಾವುದು ಯಾರದ್ದು ಅಂತ ಗೊತ್ತಿರುವವರು ಆ ಹೊತ್ತಿನಲ್ಲಿ ಎದುರಿಗೆ ನಿಲ್ಲಬಾರದು. ನಿಮ್ಮ ಮುಖ ನೋಡಿಯೇ ಅವರು ಹೇಳಿಬಿಡುತ್ತಾರೆ.

12 ಜನರಲ್ಲಿ ಸುಮಾರು 3 ಜನ ಬರೀ ಅದೃಷ್ಟದಿಂದಲೇ ಸರಿ ಹೇಳಬಹುದು. ಅಷ್ಟೇ ಬಂದರೆ ನಿಮ್ಮ ಕೋಷ್ಟಕ ಕೆಲಸ ಮಾಡಿಲ್ಲ, 5ನೇ ಹಂತಕ್ಕೆ ವಾಪಸ್ ಹೋಗಿ. 8 ಜನ ಸರಿ ಹೇಳಿದರೆ ಗಟ್ಟಿಯಾಗಿ ಮುಂದುವರಿಯಿರಿ. ತಪ್ಪು ಆರಿಸಿದವರಿಗೆ ‘ಯಾಕೆ ಇದು ಅನಿಸಿತು?’ ಅಂತ ಕೇಳಿ ಬರೆದುಕೊಳ್ಳಿ. ಸರಿ ಆರಿಸಿದವರಿಗಿಂತ ಅವರ ಉತ್ತರದಿಂದಲೇ ಕೋಷ್ಟಕ ಹೆಚ್ಚು ಸುಧಾರಿಸುತ್ತದೆ.

‘ತುಂಬಾ ಚೆನ್ನಾಗಿದೆ’ ಅನ್ನುವ ಮಾತನ್ನು ಫಲಿತಾಂಶ ಅಂತ ಎಣಿಸಬೇಡಿ. ನಮ್ಮ ಕಡೆ ಮನೆಗೆ ಬಂದವರ ಕೆಲಸವನ್ನು ಯಾರೂ ಚೆನ್ನಾಗಿಲ್ಲ ಅನ್ನುವುದಿಲ್ಲ.

ಹಂತ 9: ಪ್ರದರ್ಶನ

ಶಿವಮೊಗ್ಗದ ಸಭಾಂಗಣದಲ್ಲಿ ಮಾಡುವುದಕ್ಕೂ ಹೊಸನಗರದ ಕಡೆ ಶಾಲೆಯ ಹಾಲ್‌ನಲ್ಲಿ ಮಾಡುವುದಕ್ಕೂ ವ್ಯತ್ಯಾಸ ಇದೆ. ಗಾಳಿಮಳೆಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಬರುವುದು ಯಾವಾಗಲೋ. ನೆಟ್‌ವರ್ಕ್ ಕೂಡ ಹಾಗೇ. ಹಾಗಾಗಿ ಅಂತರ್ಜಾಲ ಇಲ್ಲದೆಯೂ ಓಡುವಂತೆ ಮಾಡಿಟ್ಟುಕೊಳ್ಳಿ. ಇಮೇಜ್ ಜನರೇಟರ್ ಸ್ಥಳದಲ್ಲೇ ಓಡಿಸಲು ಆಗದಿದ್ದರೆ ಎರಡು ಗೆರೆಗಳ ನಕ್ಷೆಯನ್ನು 5ಕ್ಕೆ 5 ಮನೆಗಳಾಗಿ ಭಾಗ ಮಾಡಿ, 25 ಮನೆಗಳಿಗೂ ಮೊದಲೇ ಚಿತ್ರಗಳನ್ನು ಹುಟ್ಟಿಸಿ ಇಡಿ. ಬಂದವರ ಚುಕ್ಕೆ ಯಾವ ಮನೆಯಲ್ಲಿದೆಯೋ ಅದಕ್ಕೆ ಹತ್ತಿರದ ಚಿತ್ರಗಳು ಒಂದರಿಂದ ಒಂದಕ್ಕೆ ನಿಧಾನವಾಗಿ ಬದಲಾಗಲಿ. ‘ಈ ಚಿತ್ರಗಳು ಮೊದಲೇ ಮಾಡಿದವು’ ಅಂತ ಫಲಕದಲ್ಲಿ ಬರೆದು ಹಾಕಿ. ಮುಚ್ಚಿಡಬೇಡಿ.

ಪ್ರೊಜೆಕ್ಟರ್‌ಗೆ ಯುಪಿಎಸ್ ಇರಲಿ. ಥಂಡಿ ಹೊತ್ತಿನಲ್ಲಿ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಅರ್ಧ ಗಂಟೆ ಮುಂಚೆ ಹಾಕಿ ಬಿಸಿಯಾಗಲು ಬಿಡಿ. ಮಳೆಗಾಲದಲ್ಲಿ ಗೋಡೆಗೆ ಅಂಟಿಸಿದ ಕಾಗದದ ಪ್ರಿಂಟ್ ಎರಡೇ ದಿನದಲ್ಲಿ ಸುರುಟಿಕೊಳ್ಳುತ್ತದೆ. ಬೋರ್ಡಿಗೆ ಅಂಟಿಸಿ ತೂಗುಹಾಕಿ.

ಬಂದವರಲ್ಲಿ ಯಾರಾದರೂ ತಮ್ಮ ಚಿತ್ರದ ಮುಂದೆ ಅತ್ತುಬಿಡಬಹುದು. ಅದಕ್ಕೆ ತಯಾರಿರಿ. ಪರದೆ ನಿಲ್ಲಿಸುವ ಬಟನ್ ಒಂದಿರಲಿ, ಪಕ್ಕದಲ್ಲಿ ಕೂರಲು ಒಂದು ಬೆಂಚು, ನೀರು, ಮತ್ತು ಆ ಹೊತ್ತಿನಲ್ಲಿ ಫೋಟೋ ತೆಗೆಯದೆ ಜೊತೆಗೆ ಕೂರುವ ಒಬ್ಬರು. ಯಾರಿಗಾದರೂ ಹೆಚ್ಚಿನ ನೆರವು ಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಉಚಿತ. ಆ ಸಂಖ್ಯೆಯನ್ನು ಫಲಕದ ಕೆಳಗೆ ಕಾಣುವಂತೆ ಬರೆಯಿರಿ. ನಿಮ್ಮ ಚಿತ್ರ ನೋಡಿ ‘ನಿಮಗೆ ಖಿನ್ನತೆ ಇದೆ’ ಅನ್ನುವಂಥ ಮಾತನ್ನು ತಂಡದವರು ಯಾರೂ ಆಡಕೂಡದು. ಇದು ಕಲೆ, ತಪಾಸಣೆ ಅಲ್ಲ.

ಹಂತ 10: ಮುಗಿದ ಮೇಲೆ ಮಾಡಬೇಕಾದ್ದು

ಒಪ್ಪಿಗೆ ಪತ್ರದಲ್ಲಿ ಬರೆದ ದಿನಕ್ಕೆ ಸರಿಯಾಗಿ ಧ್ವನಿ ಮತ್ತು ಸೆನ್ಸರ್ ಫೈಲುಗಳನ್ನು ಅಳಿಸಿ. ಪೆನ್‌ಡ್ರೈವ್, ಡ್ರೈವ್ ಖಾತೆ, ಫೋನ್‌ನ ವಾಟ್ಸ್ಆ್ಯಪ್ ಗುಂಪು ಎಲ್ಲ ಕಡೆಯಿಂದ. ಗುಂಪಿನಲ್ಲಿ ಉಳಿದುಹೋಗುವುದೇ ಜಾಸ್ತಿ.

ಮಾತು ಕೊಟ್ಟ ಪ್ರತಿಯೊಬ್ಬರಿಗೂ ಅವರ ಚಿತ್ರದ ಒಂದು ಪ್ರಿಂಟ್ ತಲುಪಿಸಿ. ಅಂಚೆಯಲ್ಲಿ ಕಳಿಸುವುದಾದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.

ಕೋಡ್ ಜೊತೆಗೆ ಬಳಸಿದ ಲೈಬ್ರರಿಗಳ ಆವೃತ್ತಿ ಸಂಖ್ಯೆ, ಮಾದರಿಯ ಫೈಲು, ಸೀಡ್ ಪಟ್ಟಿ ಇವನ್ನು ಒಂದೇ ಫೋಲ್ಡರ್‌ನಲ್ಲಿ ಹಾಕಿ, ಎರಡು ಕಡೆ ಕಾಪಿ ಇಡಿ. ಲೈಬ್ರರಿಗಳು ಬದಲಾಗುತ್ತಲೇ ಇರುತ್ತವೆ. ಬರುವ ವರ್ಷ ಅದೇ ಕೋಡ್ ಓಡಿಸಲು ಹೋದರೆ ನಿಂತುಬಿಡುವ ಸಂಭವ ಬಹಳ. ಕೋಷ್ಟಕದ ನೋಟ್‌ಬುಕ್ಕನ್ನೂ ಪುಟ ಪುಟ ಸ್ಕ್ಯಾನ್ ಮಾಡಿ ಅದೇ ಫೋಲ್ಡರ್‌ಗೆ ಸೇರಿಸಿ, ಹೆಸರುಗಳಿರುವ ಜಾಗವನ್ನು ಮಾತ್ರ ಮುಚ್ಚಿ.